ಮೂರು ಗೋಡೆಯ ಬಾಣಂತಿ ಕೋಣೆ

ಈ ಕಥೆಯನ್ನು ನನಗೆ ಹೇಳಿದ ಇಬ್ಬರು ಹೆಂಗಸರು ಊರಿಗೆ ಬೇರೆ ಬೇರೆ ಹೆಸರು ಕೊಟ್ಟಿದ್ದರಿಂದ ಎರಡನ್ನೂ ಇಲ್ಲಿ ಕೈಬಿಟ್ಟಿದ್ದೇನೆ. ಉಳಿದ ಸಂಗತಿಗಳಲ್ಲಿ ಇಬ್ಬರ ಮಾತೂ ಒಂದೇ. ಆ ಊರಿನಲ್ಲಿ ಮನೆಯೆಂದರೆ ಒಂದು ಕಟ್ಟಡವಲ್ಲ, ಹಲವು ಕೋಣೆಗಳ ಒಪ್ಪಂದ. ಪ್ರತಿ ಕೋಣೆಗೂ ಒಂದು ಕೊಂಡಿಗೋಡೆ ಇರುತ್ತದೆ. ಬಾಗಿಲು ಅದರಲ್ಲೇ, ಬಾಗಿಲ ಪಕ್ಕದಲ್ಲಿ ಮರದ ಕೊಂಡಿಯೂ ಅದರಲ್ಲೇ. ಆ ಕೊಂಡಿಯನ್ನು ಇನ್ನೊಂದು ಕೋಣೆಯ ಗುಳಿಗೆ ಸೇರಿಸಿದೊಡನೆ ಕೋಣೆಗೆ ಭಾರ ಬಂದು ಅದು ನೆಲ ಹಿಡಿದು ನಿಲ್ಲುತ್ತದೆ. ಕಳಚಿದರೆ ಬಿದಿರಿನ ಬುಟ್ಟಿಯಷ್ಟು ಹಗುರ. ನಾಲ್ವರು ಹೆಗಲು ಕೊಟ್ಟರೆ ಓಣಿಯಿಂದ ಓಣಿಗೆ ಸಾಗುತ್ತದೆ. ಗಾಳಿಯಿದ್ದ ದಿನ ಮಾತ್ರ ಹಗ್ಗ ಬೇಕು. ಮದುವೆಯಾದ ಹುಡುಗಿ ತನ್ನ ಕೋಣೆಯನ್ನು ಗಂಡನ ಮನೆಗೆ ಒಯ್ಯುತ್ತಾಳೆ. ಅಣ್ಣತಮ್ಮಂದಿರು ಜಗಳವಾಡಿದರೆ ತಂತಮ್ಮ ಕೋಣೆ ಬಿಚ್ಚಿಕೊಂಡು ಹೋಗುತ್ತಾರೆ, ಸಿಟ್ಟಿಳಿದ ಮೇಲೆ ಅದೇ ಹೆಗಲುಗಳ ಮೇಲೆ ಹೊರಿಸಿ ತರುತ್ತಾರೆ.

ಯಾರ ಕೋಣೆಯಾದರೂ ಯಾರ ಮನೆಗಾದರೂ ಕೂಡಬೇಕಾದರೆ ಕೊಂಡಿಯ ಅಳತೆ ಒಂದೇ ಇರಬೇಕು. ಆ ಅಳತೆ ಊರ ನಡುವಿನ ಕೊಂಡಿಕಲ್ಲಿನಲ್ಲಿತ್ತು. ಕಲ್ಲಿನ ಮೈಗೆ ಸಾಲಾಗಿ ಕೊರೆದ ಗುಳಿಗಳು, ಎಲ್ಲವೂ ಒಂದೇ ತೆರನಾದವು. ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೊದಲ ಸೋಮವಾರ ಬೆಳಿಗ್ಗೆ, ಊರಿನ ಬಡಿಗರೆಲ್ಲ ತಾವು ಮಾಡಿದ ಒಂದೊಂದು ಕೊಂಡಿಯನ್ನು ತಂದು ಗುಳಿಗಳಿಗೆ ಕೂಡಿಸುತ್ತಿದ್ದರು. ಕೂಡಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಬಡಿಗ ಆ ವರ್ಷ ಊರಿನ ಬಡಿಗ. ಆದರೆ ಕೊಂಡಿಯನ್ನು ಕಲ್ಲಿನಿಂದ ಬಿಡಿಸುವುದನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಎದ್ದು ಹೊರಡುವವರು ಕೂಡ ‘ಬರ್ತೀನಿ’ ಎಂದೇ ಹೇಳುವ ಊರು ಅದು; ಕೂಡಿದ್ದನ್ನು ನಾಲ್ಕು ಜನರೆದುರು ಕೀಳುವುದು ಅಪಶಕುನವೆಂದು ಎಲ್ಲರ ನಂಬಿಕೆ. ಜನ ಊಟಕ್ಕೆ ಮನೆಗೆ ಹೋದ ಮೇಲೆ ಬಡಿಗರು ತಮ್ಮ ಕೊಂಡಿಗಳನ್ನು ಸದ್ದಿಲ್ಲದೆ ಬಿಡಿಸಿಕೊಂಡು ಹೋಗುತ್ತಿದ್ದರು.

ಕಾಶವ್ವ ಮದುವೆಯಾಗಿ ಅಡಿವೆಪ್ಪನ ಮನೆಗೆ ಬಂದಾಗ ತಂದದ್ದು ಬಾಣಂತಿ ಕೋಣೆಯನ್ನು. ಅವಳ ಅಜ್ಜಿ ಹೆತ್ತದ್ದು ಅದರಲ್ಲಿ, ತಾಯಿ ಹೆತ್ತದ್ದು ಅದರಲ್ಲಿ. ಕಾಶವ್ವನೂ ಅವಳ ತಂಗಿ ಫಕೀರವ್ವನೂ ಹುಟ್ಟಿದ್ದು ಅದರಲ್ಲಿ. ಹಿರಿಯ ಮಗಳ ಬಳಿ ಅದು ಇರಬೇಕು, ಮನೆತನದ ಯಾವ ಹೆಣ್ಣಿಗೆ ದಿನ ತುಂಬಿದರೂ ಅವಳಿದ್ದಲ್ಲಿಗೆ ಹೋಗಬೇಕು ಎಂಬುದು ಪದ್ಧತಿ. ಕೋಣೆ ಬಸುರಿಯ ಬಳಿಗೆ ಹೋಗುತ್ತದೆಯೇ ಹೊರತು ಬಸುರಿ ಕೋಣೆಯ ಬಳಿಗೆ ಬರುವುದಿಲ್ಲ.

ತೋಟಪ್ಪ ಸಾಹುಕಾರನ ಕೊಂಡಿಶಾಲೆ ದೊಡ್ಡದಾದದ್ದು ಆ ವರ್ಷಗಳಲ್ಲಿಯೇ. ಕೊಂಡಿಕಲ್ಲಿಗೆ ಅವನಷ್ಟು ಮರ್ಯಾದೆ ತೋರಿಸಿದವರು ಹಿಂದೆ ಯಾರೂ ಇರಲಿಲ್ಲ. ಕಲ್ಲಿಗೆ ಮಂಟಪ ಕಟ್ಟಿಸಿದ, ಎಣ್ಣೆ ಹಚ್ಚಿ ಒರೆಸಲು ಆಳು ಇಟ್ಟ, ಕಲ್ಲನ್ನು ಕಾಯುವ ಪಂಚರ ಸಾಲಿನಲ್ಲಿ ತಾನೂ ಒಬ್ಬನಾದ. ಸೋಮವಾರದ ಕೂಟದಲ್ಲಿ ಎಲ್ಲರ ಕೊಂಡಿಗಳಿಗಿಂತ ಅವನ ಕೊಂಡಿ ನುಣುಪಾಗಿ ಒಳಗೆ ಸರಿಯುತ್ತಿತ್ತು, ಎಲ್ಲರಿಗಿಂತ ದೊಡ್ಡ ಚಪ್ಪಾಳೆಯೂ ಅವನಿಗೇ ಬೀಳುತ್ತಿತ್ತು. ಅಳತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆದರೆ ಕೊಂಡಿ ಪೂರ್ತಿ ಒಳಹೋದ ಮೇಲೆ ಅದರ ತುದಿಯಿಂದ ತೆಳುವಾದ ಒಂದು ಕಂಚಿನ ಎಸಳು ಹೊರಚಾಚಿ ಗೋಡೆಯೊಳಗೆ ಬಿಚ್ಚಿಕೊಳ್ಳುತ್ತಿತ್ತು. ಜನ ಅದನ್ನು ಒಳನಾಲಗೆ ಎಂದರು. ಒಳನಾಲಗೆ ಇದ್ದ ಮನೆಯಲ್ಲಿ ಪಡಸಾಲೆಯಲ್ಲೊಂದು ದೀಪ ಹಚ್ಚಿದರೆ ಸಾಕು, ಕೂಡಿದ ಎಲ್ಲ ಕೋಣೆಗಳಲ್ಲೂ ಬೆಳಕು. ಬೇರೆ ಬಡಿಗರ ಕೊಂಡಿಯಿದ್ದ ಕೋಣೆಗಳು ಆ ಮನೆಗೆ ಕೂಡುತ್ತಿರಲಿಲ್ಲವೆಂದಲ್ಲ. ಕೂಡುತ್ತಿದ್ದವು, ಆದರೆ ಕತ್ತಲಾಗಿಯೇ ಉಳಿಯುತ್ತಿದ್ದವು.

ಅಡಿವೆಪ್ಪ ಮನೆಗೆಲ್ಲ ಹೊಸ ಕೊಂಡಿ ಹಾಕಿಸಿದಾಗ ಕಾಶವ್ವ ಬೇಡವೆನ್ನಲಿಲ್ಲ. ಅವಳು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಹರಡಿಕೊಂಡು ಕೂತರೆ ದಿನವಿಡೀ ಕಣ್ಣಿಗೇ ಕೆಲಸ. ಹೊಗೆಯಿಲ್ಲದ, ನೆರಳು ಬೀಳದ ಆ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವುದು ಸುಖವಾಗಿತ್ತು. ಕಿಡಕಿಯಿದ್ದರೆ ಬೆಳಕು ಸೋರಿಹೋಗುತ್ತದೆಂದು ಕೊಂಡಿಶಾಲೆಯವರು ಹೇಳಿದ್ದರಿಂದ ಊರಿನವರೆಲ್ಲರಂತೆ ಅವಳೂ ಬಾಣಂತಿ ಕೋಣೆಯ ಕಿಡಕಿಯನ್ನು ಇಟ್ಟಿಗೆಯಿಂದ ಮುಚ್ಚಿಸಿದಳು. ದೀಪದ ಗೂಡಿನಲ್ಲಿ ದಾರದ ಉಂಡೆಗಳನ್ನು ಇಟ್ಟಳು.

ಹೀಗಿರುವಾಗ ಹಳ್ಳದ ಆಚೆಗಿನ ಓಣಿಯಿಂದ ಸುದ್ದಿ ಬಂತು. ಫಕೀರವ್ವನಿಗೆ ದಿನ ತುಂಬಿತ್ತು. ಅವಳ ಮೊದಲ ಕೂಸು ಅವಸರದಲ್ಲಿ ಅಡುಗೆಮನೆಯಲ್ಲೇ ಹುಟ್ಟಿ, ಉಳಿದಿರಲಿಲ್ಲ. ಈ ಸಲ ಮಲಗಿದಲ್ಲಿಂದ ಮಿಸುಕಾಡಕೂಡದೆಂದು ಸೂಲಗಿತ್ತಿ ಕಟ್ಟಪ್ಪಣೆ ಮಾಡಿದ್ದಳು. ಕಾಶವ್ವ ನೋಡಲು ಹೋದಾಗ ತಂಗಿ ಅವಳ ಕೈ ಹಿಡಿದುಕೊಂಡಳು.

“ಅಕ್ಕಾ, ಕೋಣಿ ಯಾವಾಗ ಕಳಸ್ತೀ?”

“ನಾಳೆ ಮುಂಜಾನೆ ಬಂದು ನಿನ್ನ ತಲಿ ಮ್ಯಾಲ ಕುಂದರತೈತಿ ನೋಡು.”

“ತಲಿ ಮ್ಯಾಲ ಬ್ಯಾಡ. ಬಾಜೂಕ ಕುಂತರ ಸಾಕು,” ಎಂದು ಫಕೀರವ್ವ ನಕ್ಕಳು. ಆಮೇಲೆ ನಗುವನ್ನು ನಿಲ್ಲಿಸಿ, “ಆ ಕೋಣಿಯೊಳಗಾದ್ರ ಉಳೀತೈತಿ ಅಕ್ಕಾ. ನನಗ ಗೊತ್ತೈತಿ,” ಎಂದಳು. ಕಾಶವ್ವ ಮಾತು ಕೊಟ್ಟು ಬಂದಳು.

ಮರುದಿನ ಕೋಣೆ ಹೊರುವ ಮೌಲಾಸಾಬ ತನ್ನ ಮೂವರು ಜೊತೆಗಾರರೊಂದಿಗೆ ಬಂದ. ಊರಿನ ಕೋಣೆಗಳಲ್ಲಿ ಅರ್ಧದಷ್ಟು ಅವನ ಹೆಗಲಿನ ಮೇಲೆ ಒಮ್ಮೆಯಾದರೂ ಕೂತು ಹೋದವು. ಅವನು ಕೊಂಡಿಯ ಅಗಳಿ ತೆಗೆದು, “ಬಿಟ್ಟಿತು, ಹಿಡೀರಿ,” ಎಂದ. ನಾಲ್ವರೂ ಹೆಗಲು ಕೊಟ್ಟು ಎತ್ತಿದರು. ಕೋಣೆ ಕದಲಲಿಲ್ಲ. ಮತ್ತೊಮ್ಮೆ ಎತ್ತಿದರು. ಮೌಲಾಸಾಬ ಬೆವರು ಒರೆಸಿಕೊಂಡು ಬಾಗಿಲಲ್ಲಿ ಇಣುಕಿದ.

“ಕಾಶಕ್ಕಾ, ಒಳಗ ನಿಮ್ಮತ್ತಿ ಏನಾರ ಕುಂತಾಳೇನ?”

“ನಮ್ಮತ್ತಿ ಸತ್ತು ಆರು ವರ್ಸ ಆತೋ.”

“ಹಂಗಾರ ಆಕೀನ. ಬ್ಯಾರೆ ಯಾರೂ ಇಷ್ಟು ಭಾರ ಇರಾಕ ಸಾಧ್ಯ ಇಲ್ಲ.”

ಅಡಿವೆಪ್ಪ ನಕ್ಕ. ಕಾಶವ್ವ ನಗಲಿಲ್ಲ. ಕೊಂಡಿ ಹೊರಗಿನಿಂದ ಕಳಚಿದ್ದರೂ ಒಳನಾಲಗೆ ಪಡಸಾಲೆಯ ಗೋಡೆಯನ್ನು ಹಿಡಿದುಕೊಂಡೇ ಇತ್ತು. ಕೋಣೆಗೆ ತಾನು ಬಿಟ್ಟೆನೆಂಬ ಅರಿವೇ ಆಗಿರಲಿಲ್ಲ.

ಅವಳು ನೇರವಾಗಿ ಕೊಂಡಿಶಾಲೆಗೆ ಹೋದಳು. ತೋಟಪ್ಪ ಸಾಹುಕಾರ ಗಾದಿ ಬಿಟ್ಟೆದ್ದು ಬರಮಾಡಿಕೊಂಡ. ಒಳ್ಳೆಯ ಮಾತಿನವನೆಂದು ಅವನಿಗೆ ಹೆಸರಿತ್ತು. “ಬಾ ತಂಗಿ, ಕುಂದರು. ಚಾ ತರಸ್ತೀನಿ.”

“ಚಾ ಬ್ಯಾಡ್ರಿ. ನಿಮ್ಮ ಕೊಂಡಿ ಬಿಡವಲ್ದು.”

“ಬಿಡವಲ್ದು ಅನಬ್ಯಾಡ, ಹೊಂದಿಕೊಂಡೈತಿ ಅನ್ನು. ಅದಕ್ಕ ಚಾವಿ ಐತಿ, ನಮ್ಮ ಮಂದಿ ಬಂದು ಬಿಡಸ್ತಾರ. ಕೋಣಿ ಎಲ್ಲಿಗೆ ಹೊಂಟೈತಿ?”

“ಹಳ್ಳದ ಆಚಿ, ನಮ್ಮ ತಂಗಿ ಮನಿಗೆ.”

“ಅಲ್ಲಿ ಕೊಂಡಿ ಯಾರದು?”

“ಹಳೇದ್ರಿ. ಅವರ ಓಣಿ ಬಡಿಗ್ಯಾರು ಮಾಡಿದ್ದು.”

ಸಾಹುಕಾರ ಕನಿಕರದಿಂದ ತಲೆಯಾಡಿಸಿದ. “ಅಲ್ಲೇ ನೋಡು ತೊಡಕು. ನಮ್ಮ ಚಾವಿ ನಮ್ಮ ಕೊಂಡಿಯಿಂದ ನಮ್ಮ ಕೊಂಡಿಗೆ ಅಷ್ಟ ಹಾಯಿಸತೈತಿ. ಮೊದಲು ಅವರ ಮನೀಗೆ ನಮ್ಮ ಕೊಂಡಿ ಹಾಕಸಲಿ. ಜೋಳದ ಸುಗ್ಗಿ ಮುಗದ ಮ್ಯಾಲ ಅವರ ಪಾಳಿ ಹಚ್ಚಿ ಕೊಡ್ತೀನಿ.”

“ಆಕೀಗೆ ಈ ವಾರದಾಗ ಹೆರಿಗಿ ಐತ್ರಿ. ನಿಮ್ಮ ಕೊಂಡೀನೂ ಕಲ್ಲಿನ ಅಳತಿ, ಅವರ ಕೊಂಡೀನೂ ಕಲ್ಲಿನ ಅಳತಿ. ಮತ್ತ ಅಡ್ಡಿ ಏನು?”

“ಕೂಡಾಕ ಏನೂ ಅಡ್ಡಿ ಇಲ್ಲ! ಯಾರನ್ನೂ ನಾವು ಹಿಡಕೊಂಡಿಲ್ಲ, ತಂಗಿ. ಕಲ್ಲು ಎಲ್ಲಾರದು, ಅಳತಿ ಎಲ್ಲಾರದು. ಬರೂ ಸೋಮವಾರ ಕಲ್ಲಿನ ಕೂಟಕ್ಕ ಬಂದು ನೋಡು, ನಮ್ಮಷ್ಟು ನೆಟ್ಟಗ ಯಾರದಾರ ಕೂಡತೈತೇನ ಹೇಳು.”

ಕಾಶವ್ವ ಹಳ್ಳ ದಾಟಿ ಫಕೀರವ್ವನ ಅತ್ತೆ ಬಾಳವ್ವನಿಗೆ ಸಾಹುಕಾರನ ಮಾತನ್ನು ತಿಳಿಸಿದಳು. ಬಾಳವ್ವ ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಕೆಳಗಿಟ್ಟಳು. “ಆರೂ ಕೋಣಿ ಕಿಡಕಿ ಮುಚ್ಚಿ ಕುಂದರಾಕ ನಾವೇನು ಗೂಬಿ ಹಾಂಗ ಕಾಣ್ತೀವೇನ? ಹಾಕಸ್ತೀನಿ ಅಂದ್ರೂ ಸುಗ್ಗಿ ತನಕ ಕೂಸು ಕಾಯತೈತೇನು? ಅವ್ವಾ, ಏನಾರ ಮಾಡು. ಹುಡುಗಿ ಬಾಯಿ ತೆಗದ್ರ ನಿನ್ನ ಕೋಣಿ ಹೆಸರು ತೆಗೀತಾಳ.” ಮರಳುವ ದಾರಿಯಲ್ಲಿ ಕಾಶವ್ವ ಹಳ್ಳದ ನೀರಿನಲ್ಲಿ ನಿಂತು ಮುಖ ತೊಳೆದುಕೊಂಡಳು. ಸೋಮವಾರ ಬಂದು ನೋಡು ಎಂದಿದ್ದನಲ್ಲ, ನೋಡಿಯೇಬಿಡೋಣವೆಂದು ಗಟ್ಟಿಮಾಡಿಕೊಂಡಳು.

ಆ ಸೋಮವಾರ ಮಂಟಪದ ಸುತ್ತ ಊರು ನೆರೆದಿತ್ತು. ಮೂರು ನಾಲ್ಕು ಬಡಿಗರು ಮಾತ್ರ ಕೊಂಡಿ ತಂದಿದ್ದರು. ಉಳಿದವರು ಕೊಂಡಿಶಾಲೆಯಲ್ಲಿ ಕೂಲಿಗೆ ಸೇರಿಯಾಗಿತ್ತು. ತೋಟಪ್ಪನ ಕೊಂಡಿ ಗುಳಿಯೊಳಗೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುತ್ತಿದ್ದಂತೆ ಕಾಶವ್ವ ಮುಂದೆ ಬಂದು ನಿಂತಳು.

“ಕೂಡಿದ್ದು ನೋಡಿದ್ವಿ. ಈಗ ಬಿಡಸಿ ತೋರಸ್ರಿ.”

ಒಬ್ಬಳು ಮುದುಕಿ ಕಿವಿ ಮುಚ್ಚಿಕೊಂಡಳು. ಕೆಲವರು ಪಕ್ಕದವರ ಮುಖ ನೋಡಿದರು. ಪಂಚರಲ್ಲಿ ಹಿರಿಯನೊಬ್ಬ, “ಏ ಕಾಶವ್ವ, ವರ್ಸದ ಮೊದಲ ಸೋಮಾರ ಎಂಥಾ ಮಾತು ಆಡ್ತೀ? ಕೂಡಿದ್ದನ್ನ ಕೀಳಂತಾರೇನು?” ಎಂದು ಗದರಿಸಿದ.

“ನನ್ನ ತಂಗಿ ಹಳ್ಳದ ಆಚಿ ಅಂಗಾತ ಮಲಗ್ಯಾಳ. ಆಕಿ ಕೋಣಿ ನನ್ನ ಮನಿಗೆ ಕೂಡಿ ಕುಂತು ಬಿಡವಲ್ದು. ಅದಕ್ಕಿಂತ ದೊಡ್ಡ ಅಪಶಕುನ ಇದ್ರ ಹೇಳ್ರಿ, ನಾ ಮನಿಗೆ ಹೋಗ್ತೀನಿ.”

ಕಾಶವ್ವ ತಾನೇ ಹೋಗಿ ಎರಡೂ ಕೈಯಿಂದ ಕೊಂಡಿಯನ್ನು ಹಿಡಿದು ಎಳೆದಳು. ಬರಲಿಲ್ಲ. ಪಕ್ಕದ ಗುಳಿಯಲ್ಲಿ ಒಬ್ಬ ಮುದಿ ಬಡಿಗ ಕೂಡಿಸಿದ್ದ ಕೊಂಡಿಯನ್ನು ಎಳೆದಳು. ಅದು ಹೊಟ್ಟೆ ತುಂಬಿದ ಕರು ಹಸುವಿನ ಕೆಚ್ಚಲು ಬಿಟ್ಟಂತೆ ಸುಮ್ಮನೆ ಬಂತು. ಮೌಲಾಸಾಬ ಗುಂಪಿನಿಂದ ಎದ್ದು ಬಂದ, ಅವನ ಜೊತೆಗಾರರೂ ಬಂದರು. ನಾಲ್ವರು ಕೂಡಿ ಎಳೆದರೂ ಸಾಹುಕಾರನ ಕೊಂಡಿ ಜಗ್ಗಲಿಲ್ಲ.

ತೋಟಪ್ಪನಿಗೆ ಸಿಟ್ಟು ಬರಲಿಲ್ಲ. ಅವನು ಕೈಸನ್ನೆ ಮಾಡಿದ. ಅವನ ಆಳು ಬಂದು, ಸೊಂಟದಿಂದ ಕಂಚಿನ ಚಾವಿ ತೆಗೆದು ತಿರುವಿದ. ಕೊಂಡಿ ಕಳಚಿ ಅವನ ಅಂಗೈಗೆ ಬಿತ್ತು. “ಬಂತಲ್ಲ!” ಎಂದು ಸಾಹುಕಾರ ಜನರ ಕಡೆ ತಿರುಗಿ ನಕ್ಕ.

“ಬಂತ್ರಿ,” ಎಂದ ಮೌಲಾಸಾಬ. “ನಿಮ್ಮ ಕೈಲೆ ಬಂತು. ನಮ್ಮ ಹೆಗಲು ಇನ್ನ ಮನೀಗೆ ಹೋಗಲೇನ್ರಿ?”

ಜನ ನಕ್ಕರು, ಆದರೆ ಆ ನಗು ಬೇಗ ನಿಂತಿತು. ಎಷ್ಟೋ ಜನ ತಮ್ಮ ತಮ್ಮ ಮನೆಯ ಕಡೆ ನೋಡಿದರೆಂದು ಕಥೆ ಹೇಳಿದವರು ಹೇಳುತ್ತಾರೆ. ಸಾಹುಕಾರ ಮಾತ್ರ ಶಾಂತವಾಗಿ, “ಕಲ್ಲಿಗೆ ಕೂಡಬೇಕು ಅನ್ನೂದು ಊರಿನ ಕಟ್ಟಳಿ. ಬಿಡಬೇಕು ಅಂತ ಎಲ್ಲೈತಿ? ನಾವು ಕಟ್ಟಳಿ ಮೀರಿದ್ರ ಹೇಳ್ರಿ, ಈಗಿಂದೀಗ ಶಾಲಿ ಮುಚ್ಚತೀನಿ,” ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಂಚರು ತಲೆ ಕೆರೆದುಕೊಂಡರು. ವಿಷಯ ದೊಡ್ಡದು, ಸುಗ್ಗಿ ಮುಗಿದ ಮೇಲೆ ಕೂತು ಮಾತಾಡೋಣವೆಂದರು. ಊರಿನಲ್ಲಿ ಆಗಬೇಕಾದ ಎಲ್ಲವೂ ಸುಗ್ಗಿಯ ಆಚೆಗೇ ಇದ್ದಂತೆ ಕಾಶವ್ವನಿಗೆ ಕಂಡಿತು. ಅಷ್ಟರಲ್ಲಿ ಹಳ್ಳದ ಆಚೆಯಿಂದ ಒಬ್ಬಳು ಓಡಿಬಂದು, ಫಕೀರವ್ವನಿಗೆ ನೋವು ಶುರುವಾಗಿದೆ ಎಂದಳು.

ಕಾಶವ್ವ ಮನೆಗೆ ಬಂದು ಬಾಣಂತಿ ಕೋಣೆಯ ನಡುವೆ ನಿಂತಳು. ಹಗಲಾಗಿದ್ದರೂ ಪಡಸಾಲೆಯ ದೀಪದ್ದೇ ಬೆಳಕು. ನೆಲದ ಮೇಲೆ ಅರ್ಧ ಹೊಲಿದ ಕೌದಿ ಬಿದ್ದಿತ್ತು. ಅದರ ಅಂಚಿನಲ್ಲೊಂದು ದಾರ ಕಗ್ಗಂಟಾಗಿ, ಅದನ್ನು ಬಿಡಿಸಲು ಹಿಂದಿನ ದಿನ ಸಾಕಷ್ಟು ಒದ್ದಾಡಿದ್ದಳು. ಕೌದಿಯಲ್ಲಿ ಗಂಟು ಬಿಡದೇ ಹೋದರೆ ಹೊಲಿಯುವವರು ಗಂಟಿನೊಂದಿಗೆ ಜಗಳವಾಡುತ್ತ ಕೂರುವುದಿಲ್ಲ. ಗಂಟು ಬಿದ್ದ ತುಂಡನ್ನೇ ಸುತ್ತಲೂ ಕತ್ತರಿಸಿ ತೆಗೆದು, ಆ ಜಾಗಕ್ಕೆ ಬೇರೆ ಬಟ್ಟೆ ಹಚ್ಚುತ್ತಾರೆ. ಅವಳು ಕೊಂಡಿಗೋಡೆಯನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಹಾರೆ ತಂದಳು.

ಮೊದಲ ಪೆಟ್ಟಿಗೆ ಅಡಿವೆಪ್ಪ ಓಡಿಬಂದ. “ಏನ್ ಹಚ್ಚೀಯ? ತಲಿ ನೆಟ್ಟಗೈತೇನ?”

“ಗ್ವಾಡಿ ಇಲ್ಲೇ ಇರಲಿ. ಉಳದದ್ದು ನಾ ಒಯ್ತೀನಿ.”

“ಕೊಂಡಿಗೋಡಿ ಇಲ್ಲದ ಅದು ಕೋಣೀನ ಅಲ್ಲ. ಎಲ್ಲಿಗೂ ಕೂಡೂದಿಲ್ಲ. ಗಾಳಿಗೆ ಹಾರಿ ಹೋಗತೈತಿ!”

“ಹಾರಿದ್ರ ಹಿಡಕೊಂಡು ಕುಂದರೂಣು. ಮನೀಗೆಲ್ಲ ಈ ಕೊಂಡಿ ಹಾಕಿಸಿದಾಂವ ನೀನು, ಹೂಂ ಅಂದಾಕಿ ನಾನು. ಇಬ್ಬರೂ ಬೆಳಕು ನೋಡಿದ್ವಿ, ಯಾರೂ ಬಾಗಲಾ ನೋಡಲಿಲ್ಲ. ಈಗ ಆ ಕಡೆ ಮೂಲಿ ಹಿಡೀತೀಯೋ, ನಿಂತು ನೋಡ್ತೀಯೋ?”

ಅಡಿವೆಪ್ಪ ಅಂಗಿ ಬಿಚ್ಚಿ ಬಾಗಿಲ ಮೇಲೆ ಎಸೆದು, ಆ ಕಡೆಯ ಮೂಲೆಗೆ ಗುದ್ದಲಿ ಹಾಕಿದ. ಸದ್ದು ಕೇಳಿ ಕೊಂಡಿಶಾಲೆಯ ಆಳು ಓಡಿಬಂದು, ಗೋಡೆ ನಿಮ್ಮದಾದರೂ ಕೊಂಡಿ ಶಾಲೆಯದೆಂದು ಕೂಗಾಡಿದ. ಕಾಶವ್ವ ಕೈ ನಿಲ್ಲಿಸದೆ ಹೇಳಿದಳು: “ನಿಮ್ಮ ಕೊಂಡಿ ನಿಮಗ. ಸಾಹುಕಾರ್ರಿಗೆ ಹೇಳು, ಕೊಂಡಿ ಸಂಗಾಟ ಒಂದು ಗ್ವಾಡೀನೂ ಕೊಟ್ಟೀನಂತ. ಬಾಗಲಾನೂ ಐತಿ, ಒಯ್ದು ಎಲ್ಲಿಗೆ ಬೇಕಾದ್ರ ಕೂಡಸಲಿ.”

ಕೊನೆಯ ಇಟ್ಟಿಗೆಯ ಸಾಲು ಬಿಟ್ಟ ಗಳಿಗೆಯಲ್ಲಿ ಕೋಣೆಯ ಸೂರು ಉಸಿರು ಬಿಟ್ಟಂತೆ ಸದ್ದು ಮಾಡಿತು. ಮೂರು ಗೋಡೆಗಳು ನೆಲದಿಂದ ಒಂದು ಗೇಣು ಮೇಲೆದ್ದು ತೂಗಾಡಿದವು. ಒಳಗಿನ ಬೆಳಕು ಒಮ್ಮೆಲೇ ಹೋಯಿತು. ಕಾಶವ್ವ ಹಾರೆಯಿಂದ ಕಿಡಕಿಯ ಇಟ್ಟಿಗೆಗಳನ್ನೂ ಒಂದೊಂದಾಗಿ ಕೆಡವಿದಳು. ಮಧ್ಯಾಹ್ನದ ಬಿಸಿಲು ಆ ನೆಲದ ಮೇಲೆ ಎಷ್ಟೋ ವರ್ಷಗಳ ಮೇಲೆ ಬಿತ್ತು.

ಮೌಲಾಸಾಬನವರು ಹಗ್ಗ ಸುತ್ತಿ ಹೆಗಲು ಕೊಟ್ಟರು. ಒಂದು ಮಗ್ಗುಲು ತೆರೆದಿದ್ದ ಕೋಣೆಯೊಳಗೆ ಗಾಳಿ ಹೊಕ್ಕು ಅದು ತೇರಿನ ಪಟದಂತೆ ಎಳೆಯುತ್ತಿತ್ತು. ಮಂಟಪದಿಂದ ಮರಳುತ್ತಿದ್ದ ಜನ ಮೊದಲು ನಿಂತು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಹಗ್ಗ ಹಿಡಿದರು. ಕಲ್ಲಿನ ಬಳಿ ಕಿವಿ ಮುಚ್ಚಿಕೊಂಡಿದ್ದ ಮುದುಕಿಯೂ ಒಂದು ತುದಿ ಹಿಡಿದು, “ಅಪಶಕುನ ಇದ್ರ ಇರಲಿ, ಹುಡುಗಿ ಮೊದಲು ಹಡೀಲಿ,” ಎಂದಳು. ಹಳ್ಳ ದಾಟುವಾಗ ಕೋಣೆ ನೀರಿನ ಮೇಲೆ ತೇಲಿಯೇ ಬಂತು.

ಬಾಳವ್ವನ ಅಂಗಳದಲ್ಲಿ ಫಕೀರವ್ವನನ್ನು ಹೊರಸಿನೊಂದಿಗೇ ಎತ್ತಿ, ಪಕ್ಕದಲ್ಲೇ ಇಳಿಸಿದ ಕೋಣೆಯೊಳಗೆ ಇಟ್ಟರು. ತೆರೆದ ಮಗ್ಗುಲಿಗೆ ಕಾಶವ್ವ ತನ್ನಲ್ಲಿದ್ದ ಕೌದಿಗಳನ್ನೆಲ್ಲ ಒಂದಕ್ಕೊಂದು ಹೊಲಿದು ಇಳಿಬಿಟ್ಟಳು. ಕೂಡಲು ಕೊಂಡಿ ಇಲ್ಲದ್ದರಿಂದ ಕೋಣೆಗೆ ಭಾರ ಬರಲಿಲ್ಲ. ಆ ಮಧ್ಯಾಹ್ನವಿಡೀ ಎರಡೂ ಓಣಿಯ ಜನ ಕೋಣೆಯ ಸುತ್ತ ಹಗ್ಗ ಹಿಡಿದು ನೆಲದ ಮೇಲೆ ಕೂತರು. ಗಾಳಿ ಬಂದಾಗ ಎಲ್ಲರೂ ಹಿಂದಕ್ಕೆ ಬಾಗುತ್ತಿದ್ದರು. ಒಳಗಿನಿಂದ ನೋವಿನ ಕೂಗು ಕೇಳಿದಾಗಲೂ ಹಾಗೆಯೇ ಬಾಗುತ್ತಿದ್ದರು. ಅಡಿವೆಪ್ಪನ ಅಂಗೈಯಲ್ಲಿ ಹಗ್ಗದ ಬರೆ ಎದ್ದಿತ್ತು. ಯಾರೋ ಬದಲಿಗೆ ಹಗ್ಗ ಹಿಡಿಯಲು ಬಂದರೆ ಅವನು ಕೊಡಲಿಲ್ಲ. ಹೊತ್ತು ಇಳಿಯುವಾಗ ಕೌದಿಯ ಆಚೆಯಿಂದ ಎಳೆಗೂಸಿನ ಅಳು ಕೇಳಿತು. ಸೂಲಗಿತ್ತಿ ಕೌದಿಯ ಸಂದಿಯಿಂದ ಮುಖ ಹೊರಹಾಕಿ, “ಹೆಣ್ಣು. ಗಟ್ಟಿ ಐತಿ. ಹಗ್ಗ ಬಿಡಬ್ಯಾಡ್ರಿ,” ಎಂದಳು.

ಹಳೆಯ ಬಡಿಗರು ಮರುದಿನವೇ ಬಂದು ಕೋಣೆಗೆ ಹೊಸ ಕೊಂಡಿಗೋಡೆ ಕಟ್ಟಿದರು. ಬಾಣಂತನ ಮುಗಿಸಿ ಅದು ಕಾಶವ್ವನ ಮನೆಗೆ ಮರಳಿ, ಪಡಸಾಲೆಯ ಬೇರೊಂದು ಗುಳಿಗೆ ಕೂಡಿತು. ಪಡಸಾಲೆಯ ಬೆಳಕು ಅದರೊಳಗೆ ಬರದ್ದರಿಂದ, ಅಂದಿನಿಂದ ಅವಳು ಸಂಜೆಯಾದರೆ ತನ್ನ ದೀಪವನ್ನು ತಾನೇ ಹಚ್ಚಿ, ದಾರದ ಉಂಡೆಗಳನ್ನು ಬೇರೆ ಕಡೆ ಇಟ್ಟು, ಗೂಡಿನಲ್ಲಿ ಅದನ್ನು ಇರಿಸುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಪಂಚರು ನಿಜವಾಗಿಯೂ ಕೂತರು. ಕಲ್ಲಿಗೆ ಕೂಡಿಸಿದ ಕೊಂಡಿಯನ್ನು ಜನರೆದುರೇ ಬರಿಗೈಯಿಂದ ಬಿಡಿಸಬೇಕೆಂದು ಹೊಸ ಕಟ್ಟಳೆ ಬಂತು. ಆ ಕಟ್ಟಳೆಯನ್ನು ಎಲ್ಲರಿಗಿಂತ ಮೊದಲು ಹೊಗಳಿದವನು ತೋಟಪ್ಪ ಸಾಹುಕಾರ. ಮುಂದಿನ ವರ್ಷದ ಸೋಮವಾರ ಅವನ ಕೊಂಡಿಯೇ ಎಲ್ಲರದಕ್ಕಿಂತ ನುಣುಪಾಗಿ ಹೊರಬಂತು, ಅವನಿಗೇ ದೊಡ್ಡ ಚಪ್ಪಾಳೆ ಬಿತ್ತು. ಕಾಶವ್ವ ಚಪ್ಪಾಳೆ ತಟ್ಟಲಿಲ್ಲ. ಕಲ್ಲಿನ ಬಳಿ ಬಿಟ್ಟದ್ದು ಮನೆಯಲ್ಲಿ ಬಿಡುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ ಎಂದು ಮೌಲಾಸಾಬನಿಗೆ ಹೇಳಿದಳು.

ಅದಕ್ಕೇ ಆ ಊರಿನ ಮದುವೆಗಳಲ್ಲಿ ಈಗಲೂ ಒಂದು ಪದ್ಧತಿ ಉಳಿದಿದೆ. ಹೆಣ್ಣಿನ ಕೋಣೆಯನ್ನು ಗಂಡಿನ ಮನೆಗೆ ಕೂಡಿಸಿ, ಊಟಕ್ಕೆ ಎಲೆ ಹಾಕುವ ಮೊದಲು, ಅದನ್ನು ಮತ್ತೆ ಬಿಚ್ಚಿ ಅಂಗಳದಲ್ಲಿ ಒಂದು ಸುತ್ತು ಹೊತ್ತು ತರುತ್ತಾರೆ. ಬಿಚ್ಚುವ ಕೈ ಹೆಣ್ಣಿನ ಕಡೆಯ ಹಿರಿಯಳದೇ ಆಗಬೇಕು. ಫಕೀರವ್ವನ ಮಗಳ ಮದುವೆಯಲ್ಲಿ ಹೊರಗಿನ ಊರಿನಿಂದ ಬಂದಿದ್ದ ಬೀಗರೊಬ್ಬರಿಗೆ ಇದು ಸರಿಬರಲಿಲ್ಲವಂತೆ.

“ಕೂಡಿಸಿದ ದಿನಾನ ಬಿಚ್ಚೂದಾ? ಇದೆಂಥ ಶಕುನವಾ ಮುದುಕಿ?” ಎಂದು ಕೇಳಿದರಂತೆ.

ಕಾಶವ್ವ ಆ ವೇಳೆಗೆ ಬಾಗಿಹೋಗಿದ್ದಳು. ಬಿಚ್ಚಿದ ಕೊಂಡಿಯನ್ನು ತನ್ನ ಕೈಯಿಂದಲೇ ಮರಳಿ ಗುಳಿಗೆ ಇಟ್ಟು ಒತ್ತಿ, ಕೋಣೆ ನೆಲ ಹಿಡಿದು ನಿಂತ ಸದ್ದು ಕೇಳಿದ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡಳು.

“ಬಿಡತೈತೋ ಇಲ್ಲೋ ನೋಡಿದ್ವಿ, ಬೀಗರ. ಬಿಡತೈತಿ. ಇನ್ನ ಹುಡುಗಿ ಇರ್ತಾಳ. ಎಲಿ ಹಾಕ್ರಿ.”